ಮಾರ್ಫೋ ಚಿಟ್ಟೆಯ ನೀಲಿ ಮತ್ತೆ ವಿಚಿತ್ರ ಹುಳಗಳ ಹುಚ್ಚು

ಪ್ರಶ್ನೆ: ನಾನು ಚಿತ್ರ ಬರೀತೀನಿ, ಹೆಚ್ಚಾಗಿ ವಾಟರ್‌ಕಲರ್. ಗೆಳೆಯನೊಬ್ಬ ಫ್ರೇಮ್ ಹಾಕಿರೋ ನೀಲಿ ಮಾರ್ಫೋ ಚಿಟ್ಟೆ ತಗೊಂಡಿದ್ದಾನೆ, ಈಗ ಅವನಿಗೆ ಬೀಟಲ್ (ಜೀರುಂಡೆ) ಬೇಕಂತೆ, ಇನ್ನೂ ಅಪರೂಪದ ಚಿಟ್ಟೆ ಬೇಕಂತೆ, ಹುಚ್ಚು ಹತ್ತಿದೆ. ನನಗೂ ಅದರಿಂದ ಕಣ್ಣು ಕೀಳೋಕೆ ಆಗಲ್ಲ ನಿಜ, ಆದ್ರೆ ಸತ್ತ ಜೀವಾನ ಗೋಡೆಗೆ ನೇತು ಹಾಕ್ಕೊಳ್ಳೋದು ಸರೀನಾ ಅನ್ನೋ ಕಸಿವಿಸಿನೂ ಇದೆ. ಇಂಥ ಹುಳಗಳಲ್ಲಿ ಕಲೆಕ್ಟರ್‌ಗಳಿಗೆ, ಆರ್ಟಿಸ್ಟ್‌ಗಳಿಗೆ ಅಂಥದ್ದೇನು ಕಾಣತ್ತೆ? ಇನ್ನೊಂದು, ಆ ಚಿಟ್ಟೆನ ನಾನು ಎಷ್ಟು ಸಲ ಬರೆದ್ರೂ ಸತ್ತ ಹಾಗೇ ಬರತ್ತೆ, ನೀಲಿ ಮಂಕಾಗತ್ತೆ. ಯಾಕೆ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದ್ಲೇ ಶುರು ಮಾಡ್ತೀನಿ, ಉಳಿದದ್ದಕ್ಕೂ ದಾರಿ ಅಲ್ಲಿಂದ್ಲೇ ಸಿಗತ್ತೆ. ಆ ನೀಲಿ ಪೇಂಟಲ್ಲಿ ಬರ್ತಿಲ್ಲ ಅಂತ ನಿಮ್ಮ ಕೈಯನ್ನ ಬೈಕೋಬೇಡಿ, ಯಾಕಂದ್ರೆ ಮಾರ್ಫೋ ರೆಕ್ಕೆಯಲ್ಲಿ ನೀಲಿ ಬಣ್ಣ ಅನ್ನೋ ಪದಾರ್ಥವೇ ಇಲ್ಲ. ಚಿಟ್ಟೆ ಮುಟ್ಟಿದಾಗ ಬೆರಳಿಗೆ ಪುಡಿ ಅಂಟತ್ತಲ್ಲ, ಆ ಪುಡಿಯ ಒಂದೊಂದು ಕಣವೂ ಒಂದು ಪುಟ್ಟ ಹುರುಪೆ, ಹೆಂಚು ಹೊದಿಸಿದ ಹಾಗೆ ಸಾಲು ಸಾಲಾಗಿ ರೆಕ್ಕೆ ತುಂಬಾ ಕೂತಿರತ್ತೆ. ಮಾರ್ಫೋದ ಒಂದು ಹುರುಪೆನ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಅದರ ಮೇಲೆ ಉದ್ದುದ್ದಕ್ಕೆ ಸಣ್ಣ ಏಣುಗಳು, ಆ ಏಣುಗಳ ಎರಡೂ ಬದೀಲಿ ಒಂದರ ಮೇಲೊಂದು ತೆಳ್ಳನೆ ಅಟ್ಟಗಳು, ಅಟ್ಟಗಳ ನಡುವೆ ಗಾಳಿ. ಬೆಳಕು ಈ ಪದರಗಳಿಗೆ ಬಡಿದು ವಾಪಸ್ ಬರೋವಾಗ ನೀಲಿಯ ಅಲೆಗಳು ಮಾತ್ರ ಒಂದಕ್ಕೊಂದು ಸೇರಿ ಬಲ ಪಡ್ಕೊಳ್ಳತ್ತೆ, ಮಿಕ್ಕಿದ್ದನ್ನ ಕೆಳಗಿರೋ ಕಂದು ಬಣ್ಣದ ಮೆಲನಿನ್ ನುಂಗಿಬಿಡತ್ತೆ. ಅದಕ್ಕೇ ಆ ನೀಲಿಗೆ ಅಷ್ಟು ಆಳ.

ಇದನ್ನ ನಂಬೋದು ಕಷ್ಟ ಅನ್ಸಿದ್ರೆ ಒಂದು ಪರೀಕ್ಷೆ ಇದೆ (ಗೆಳೆಯನ ಫ್ರೇಮ್ ಬಿಚ್ಚೋಕೆ ಮಾತ್ರ ಹೋಗ್ಬೇಡಿ, ಮುರಿದ ರೆಕ್ಕೆ ಚೂರು ಸಿಕ್ರೆ ಸಾಕು). ಆ ಚೂರಿನ ಮೇಲೆ ಒಂದು ತೊಟ್ಟು ಆಲ್ಕೋಹಾಲ್ ಬಿಡಿ, ತೊಟ್ಟು ಹರಡಿದ ಜಾಗದಲ್ಲಿ ಮಾತ್ರ ನೀಲಿ ಹೋಗಿ ಹಸಿರಾಗತ್ತೆ, ಅಂಚು ಸ್ಪಷ್ಟವಾಗಿ ಕಾಣತ್ತೆ. ಆಲ್ಕೋಹಾಲ್ ಆರಿದ ಹಾಗೆ ಹಸಿರು ಅಂಚಿಂದ ಒಳಗೆ ಸರೀತಾ ಸರೀತಾ ಮತ್ತೆ ಪೂರ್ತಿ ನೀಲಿ. ಗಾಳಿ ಇದ್ದ ಜಾಗಕ್ಕೆ ದ್ರವ ಹೋಗಿದ್ದಕ್ಕೆ ಬೆಳಕು ಬಾಗೋ ಲೆಕ್ಕ ಬದಲಾಯ್ತು, ಅಷ್ಟೇ. ಇನ್ನು ರೆಕ್ಕೆನ ಬೆಳಕಿಗೆ ಅಡ್ಡ ಹಿಡಿದು ಹಿಂದಿನಿಂದ ನೋಡಿದ್ರೆ ಬರೀ ಕಂದು. ಬದುಕಿರೋ ಮಾರ್ಫೋ ಕಾಡಲ್ಲಿ ಹಾರೋವಾಗ ರೆಕ್ಕೆಯ ಮೇಲ್ಭಾಗ ನೀಲಿ ಮಿಂಚತ್ತೆ, ಕೆಳಭಾಗ ಕಂದು, ಹಾಗಾಗಿ ನೋಡೋರ ಕಣ್ಣಿಗೆ ಅದು ಹೊಳೆದು ಮಾಯ, ಹೊಳೆದು ಮಾಯ, ಬೆನ್ನಟ್ಟೋ ಹಕ್ಕಿಗೆ ಮುಂದೆ ಎಲ್ಲಿರತ್ತೆ ಅಂತ ಅಂದಾಜು ಸಿಗೋದು ಕಷ್ಟ.

ಇಷ್ಟೆಲ್ಲಾ ಗೊತ್ತಾದ್ಮೇಲೆ ಚಿಟ್ಟೆ ಮೇಲಿನ ಬೆರಗು ಕಮ್ಮಿ ಆಯ್ತು ಅಂದೋರನ್ನ ನಾನಂತೂ ನೋಡಿಲ್ಲ. ಈ ಹುಚ್ಚಿನ ಬೇರು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ಹುಳದ ವಿಚಿತ್ರ ರೂಪ ಸುಮ್ನೆ ಬಂದಿರಲ್ಲ, ಅದರ ಹಿಂದೆ ಒಂದು ಬದುಕಿನ ವ್ಯವಹಾರ ಇರತ್ತೆ, ಕಣ್ಣು ಹತ್ತಿರ ಹೋದಷ್ಟೂ ಆ ವ್ಯವಹಾರ ಬಿಚ್ಕೋತಾ ಹೋಗತ್ತೆ. ಅದನ್ನ ಹಿಡ್ಕೊಂಡೋರಿಗೆ, ಕಲೆಕ್ಟರ್ ಆಗ್ಲಿ ಆರ್ಟಿಸ್ಟ್ ಆಗ್ಲಿ, ಒಂದೇ ಹುಳ ವರ್ಷಗಟ್ಟಲೆ ಸಾಕಾಗತ್ತೆ. ಬರೀ ಹೊಳಪಿಗೆ, ಅಪರೂಪಕ್ಕೆ ಬಿದ್ದೋರಿಗೆ ಮಾತ್ರ ಮುಂದಿಂದು, ಅದರ ಮುಂದಿಂದು ಬೇಕಾಗತ್ತೆ.

ಹೊಳಪನ್ನ ಕೀಳಾಗಿ ಕಾಣ್ತಿದ್ದೀನಿ ಅಂದ್ಕೋಬೇಡಿ, ಅದರ ಶಕ್ತಿ ದೊಡ್ಡದು. ಪೇಂಟಿನ ಬಣ್ಣ ಬಿಸಿಲಿಗೆ ಮಾಸಬಹುದು, ಆದ್ರೆ ಈ ರಚನೆಯಿಂದ ಬರೋ ಬಣ್ಣ, ರಚನೆ ಉಳಿಯೋ ತನಕ ಉಳಿಯತ್ತೆ. ಜರ್ಮನಿಯ ಮೆಸ್ಸೆಲ್ ಅನ್ನೋ ಹಳೇ ಗಣಿಯಲ್ಲಿ ಸುಮಾರು 4.7 ಕೋಟಿ ವರ್ಷ ಹಿಂದಿನ ಬೀಟಲ್ ಪಳೆಯುಳಿಕೆಗಳು ಸಿಕ್ಕಿವೆ, ಅವುಗಳ ಬೆನ್ನು ಈಗಲೂ ಲೋಹದ ಹಾಗೆ ಮಿರಮಿರ ಅಂತಿದೆ. ಕಲಾವಿದರು ಇದನ್ನ ಎಂದೋ ಕಂಡ್ಕೊಂಡಿದ್ರು. ಜಪಾನಿನ ನಾರಾದ ಹೋರ್ಯೂಜಿ ದೇವಾಲಯದಲ್ಲಿ 7ನೇ ಶತಮಾನದ ಒಂದು ಪುಟ್ಟ ಗುಡಿ ಇದೆ, ತಮಾಮುಶಿ ಗುಡಿ ಅಂತ. ಅದರ ಲೋಹದ ಜಾಲರಿ ಪಟ್ಟಿಗಳ ಕೆಳಗೆ ಹಸಿರು ಹೊಳೆಯೋ ಜುವೆಲ್ ಬೀಟಲ್‌ನ ಮೇಲ್ರೆಕ್ಕೆಗಳನ್ನ (ಬೆನ್ನು ಮುಚ್ಚೋ ಗಟ್ಟಿ ರೆಕ್ಕೆ) ಹಾಸಿದ್ರು, ಬಹುಪಾಲು ಉದುರಿಹೋಗಿದೆ, ಅಲ್ಲೊಂದು ಇಲ್ಲೊಂದು ಉಳಿದಿದೆ. 1888ರಲ್ಲಿ ಲಂಡನ್ನಿನ ನಾಟಕದ ನಟಿ ಎಲೆನ್ ಟೆರ್ರಿ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕೆ ತೊಟ್ಟ ಹಸಿರು ಗೌನಿಗೆ ಇಂಥ ಸುಮಾರು ಸಾವಿರ ರೆಕ್ಕೆ ಹೊಲಿದಿದ್ರು, ಮರುವರ್ಷ ಪೇಂಟರ್ ಜಾನ್ ಸಿಂಗರ್ ಸಾರ್ಜೆಂಟ್ ಆ ಗೌನಿನಲ್ಲೇ ಅವಳ ದೊಡ್ಡ ಚಿತ್ರ ಬರೆದ, ಅದನ್ನ ಒಮ್ಮೆ ನೋಡಿ, ಹುಳದ ಹೊಳಪನ್ನ ಎಣ್ಣೆ ಬಣ್ಣದಲ್ಲಿ ಹಿಡಿಯೋಕೆ ಅವನು ಎಷ್ಟು ಕತ್ತಲೆ ಬಳಸಿದ್ದಾನೆ ಅಂತ. ಇನ್ನು 2002ರಲ್ಲಿ ಯಾನ್ ಫಾಬ್ರೆ ಅನ್ನೋ ಬೆಲ್ಜಿಯಂ ಕಲಾವಿದ ಬ್ರಸೆಲ್ಸ್ ಅರಮನೆಯ ಕನ್ನಡಿ ಸಭಾಂಗಣದ ಇಡೀ ಚಾವಣಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮೇಲ್ರೆಕ್ಕೆ ಅಂಟಿಸಿದ. ಭವ್ಯವಾಗೇ ಇದೆ. ಆದ್ರೆ ನನಗೆ ಅದರಲ್ಲಿ ಬೀಟಲ್ ಕಾಣಲ್ಲ, ಹಸಿರು ಹೆಂಚು ಕಾಣತ್ತೆ, ಇದು ನನ್ನ ಅಭಿರುಚಿ ಅಂತ್ಲೇ ಇಟ್ಕೊಳ್ಳಿ.

ನನಗೆ ಹೆಚ್ಚು ಪ್ರೀತಿ, ಹುಳವನ್ನ ಹುಳವಾಗಿ ನೋಡಿದೋರ ಮೇಲೆ. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1505ರಲ್ಲಿ ಒಂದು ಸ್ಟ್ಯಾಗ್ ಬೀಟಲ್ ಬರೆದ, ಖಾಲಿ ಕಾಗದದ ಮೇಲೆ ಒಂಟಿ ಹುಳ, ಕೋಡಿನಂಥ ದವಡೆ ಮೇಲೆತ್ತಿದೆ, ಕಾಲಿನ ಕೆಳಗೆ ನೆರಳು. ಆ ನೆರಳೇ ಎಲ್ಲಾ, ಅದರಿಂದಾಗಿ ಹುಳ ಈಗಷ್ಟೇ ಕಾಗದದ ಮೇಲೆ ಹತ್ತಿ ಬಂದ ಹಾಗಿದೆ. ಅದೇ ಶತಮಾನದ ಕೊನೇ ಭಾಗದಲ್ಲಿ ಯೋರಿಸ್ ಹೂಫ್‌ನಾಗಲ್ ಕೀಟಗಳ ಒಂದು ಇಡೀ ಸಂಪುಟವನ್ನೇ ಬರೆದ, ಅದರ ಒಂದು ಹಾಳೆಯಲ್ಲಿ ಡ್ರ್ಯಾಗನ್‌ಫ್ಲೈಗಳ ಮೈಯನ್ನ ಬಣ್ಣದಲ್ಲಿ ಬರೆದು ರೆಕ್ಕೆಗೆ ನಿಜವಾದ ರೆಕ್ಕೆಯನ್ನೇ ಅಂಟಿಸಿಬಿಟ್ಟ. ಅಷ್ಟು ನುರಿತ ಕೈಯವನೂ ಇಲ್ಲಿ ಕುಂಚ ಕೆಳಗಿಟ್ಟ ಅಂದ್ರೆ ನಿಮ್ಮ ಮಾರ್ಫೋ ಬೇಜಾರು ಸ್ವಲ್ಪ ಹಗುರಾಗ್ಬೇಕು.

ಮರಿಯಾ ಸಿಬಿಲ್ಲಾ ಮೆರಿಯಾನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ಬೇಕು. 1647ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದೋಳು, 13ನೇ ವಯಸ್ಸಲ್ಲೇ ರೇಷ್ಮೆ ಹುಳ ಸಾಕಿ ಮೊಟ್ಟೆಯಿಂದ ಪತಂಗದ ತನಕ ಏನೇನಾಗತ್ತೆ ಅಂತ ನೋಡ್ತಿದ್ಲು. ಆ ಕಾಲದಲ್ಲಿ ಹುಳಗಳು ಕೆಸರಲ್ಲಿ, ಕೊಳೆತದ್ದರಲ್ಲಿ ತಾವಾಗೇ ಹುಟ್ಟತ್ತೆ ಅಂತ ಓದಿದೋರೂ ನಂಬ್ತಿದ್ರು. 1699ರಲ್ಲಿ, 52ನೇ ವಯಸ್ಸಲ್ಲಿ, ಚಿಕ್ಕ ಮಗಳು ಡೊರೊಥಿಯಾಳನ್ನ ಕರ್ಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದ್ಲು, ಯಾವ ರಾಜನ ಅಪ್ಪಣೆಯೂ ಇಲ್ಲ, ತನ್ನ ಚಿತ್ರಗಳನ್ನ ಮಾರಿ ದುಡ್ಡು ಹೊಂದಿಸ್ಕೊಂಡು. ಎರಡು ವರ್ಷ ಕಂಬಳಿಹುಳ ಸಾಕಿದ್ಲು, ಬರೆದ್ಲು, ಕಾಯಿಲೆ ಬಿದ್ದು 1701ರಲ್ಲಿ ವಾಪಸ್ ಬಂದ್ಲು, 1705ರಲ್ಲಿ 60 ಚಿತ್ರಫಲಕಗಳ ಪುಸ್ತಕ ತಂದ್ಲು. ಅವಳ ಒಂದೊಂದು ಹಾಳೆಯಲ್ಲೂ ಚಿಟ್ಟೆ ಒಂಟಿಯಾಗಿರಲ್ಲ, ಅದು ತಿನ್ನೋ ಗಿಡ, ಎಲೆಯಲ್ಲಿ ಕಂಬಳಿಹುಳ ಕಡಿದ ತೂತು, ಕೋಶ, ರೆಕ್ಕೆ ಬಿಚ್ಚಿದ ಚಿಟ್ಟೆ, ರೆಕ್ಕೆ ಮುಚ್ಚಿದ ಚಿಟ್ಟೆ, ಎಲ್ಲಾ ಒಂದೇ ಕಡೆ. ಗಿಡಗಳ ಬಗ್ಗೆ ಅವಳಿಗೆ ಎಷ್ಟೋ ವಿಷಯ ಹೇಳಿದ್ದು ಅಲ್ಲಿನ ಮೂಲನಿವಾಸಿ ಹೆಂಗಸರು ಮತ್ತೆ ಆಫ್ರಿಕಾದಿಂದ ತಂದಿದ್ದ ಗುಲಾಮ ಹೆಂಗಸರು, ನವಿಲು ಹೂವಿನ ಬೀಜವನ್ನ ತಾವು ಬಸಿರು ತೆಗೆಯೋಕೆ ಬಳಸ್ತೀವಿ, ಮಕ್ಕಳು ಗುಲಾಮರಾಗಿ ಹುಟ್ಟಬಾರದು ಅಂತ, ಎಂದು ಅವರು ಹೇಳಿದ್ದನ್ನ ಪುಸ್ತಕದಲ್ಲಿ ಹಾಗೇ ದಾಖಲಿಸಿದ್ದಾಳೆ. ಚಿಟ್ಟೆ ಪುಸ್ತಕದಲ್ಲಿ ಈ ಸಾಲು ಓದಿದಾಗ ಎದೆ ಹಿಂಡತ್ತೆ.

ಅವಳ ಮಾತೆಲ್ಲಾ ನಿಜವಾಯ್ತು ಅಂತಲ್ಲ. ಶೇಂಗಾ ಕಾಯಿಯಂಥ ದೊಡ್ಡ ಟೊಳ್ಳು ಮೂತಿಯ ಲ್ಯಾಂಟರ್ನ್ ಫ್ಲೈ ರಾತ್ರಿ ದೀಪದ ಹಾಗೆ ಬೆಳಗತ್ತೆ ಅಂತ ಬರೆದಿದ್ಲು, ಅದು ಬೆಳಗಲ್ಲ. ಹಾಗೇ ಹಕ್ಕಿ ತಿನ್ನೋ ಜೇಡದ ಚಿತ್ರ ಬರೆದಾಗ ಜನ ಸುಳ್ಳು ಅಂದ್ರು, ನೂರೈವತ್ತು ವರ್ಷ ಆದ್ಮೇಲೆ ಹೆನ್ರಿ ಬೇಟ್ಸ್ ಅಮೆಜಾನ್‌ನಲ್ಲಿ ಅಂಥ ಜೇಡ ಹಕ್ಕಿ ಹಿಡಿದಿದ್ದನ್ನ ಕಣ್ಣಾರೆ ಕಂಡು ಬರೆದ.

ಈ ಬೇಟ್ಸ್ ಕಲೆಕ್ಟರ್. ನಿಮ್ಮ ಗೆಳೆಯನಿಗೆ ಹೇಳಬೇಕಾದ ಕಥೆ ಇವನದ್ದೇ. 1848ರಿಂದ 11 ವರ್ಷ ಅಮೆಜಾನ್‌ನಲ್ಲಿದ್ದ, ಸ್ಪೆಸಿಮೆನ್ (ಹಿಡಿದು ಒಣಗಿಸಿಟ್ಟ ಹುಳ) ಮಾರಿನೇ ಹೊಟ್ಟೆ ಹೊರೀತಿದ್ದ. ಚಿಟ್ಟೆಗಳನ್ನ ಸಾಲಾಗಿ ಜೋಡಿಸಿದಾಗ ಒಂದೇ ಜಾತಿ ಅಂತ ಕಾಣೋ ಕಿತ್ತಳೆ ಕಪ್ಪು ಪಟ್ಟೆಯ ಚಿಟ್ಟೆಗಳಲ್ಲಿ ಕೆಲವು ಬೇರೆ ಕುಟುಂಬಕ್ಕೇ ಸೇರಿದ್ವು, ಕಾಲು, ರೆಕ್ಕೆಯ ನರ ನೋಡಿದ್ರೆ ಅವು ಬಿಳಿ ಚಿಟ್ಟೆಗಳ ನೆಂಟರು. ಹಕ್ಕಿಗಳಿಗೆ ರುಚಿಸದ ಚಿಟ್ಟೆಯ ವೇಷವನ್ನ ರುಚಿಯಾದ ಚಿಟ್ಟೆ ಹಾಕ್ಕೊಂಡಿತ್ತು, ಅದೂ ಊರಿಂದೂರಿಗೆ ಆ ವೇಷ ಬದಲಾದ ಹಾಗೆ ಇದೂ ಬದಲಾಗ್ತಿತ್ತು. 1862ರಲ್ಲಿ ಅವನು ಇದನ್ನ ಪ್ರಕಟಿಸಿದಾಗ ಡಾರ್ವಿನ್‌ನ ವಿಕಾಸವಾದಕ್ಕೆ ದೊಡ್ಡ ಆಧಾರ ಸಿಕ್ತು. ಯಾವ ಚಿಟ್ಟೆ ಎಲ್ಲಿ ಹಿಡಿದಿದ್ದು ಅಂತ ಲೇಬಲ್ ಇರದಿದ್ರೆ ಅವನು ಚಿಟ್ಟೆ ಜೋಡಿಸಿಟ್ಟ ಡ್ರಾಯರ್ ಬರೀ ಚೆಂದದ ಡ್ರಾಯರ್ ಆಗಿರ್ತಿತ್ತು.

ಅವನ ಜೊತೆ ಅಮೆಜಾನ್‌ಗೆ ಹೋಗಿದ್ದ ಆಲ್ಫ್ರೆಡ್ ವ್ಯಾಲೇಸ್ ಆಮೇಲೆ 1854ರಿಂದ 1862ರವರೆಗೆ ಮಲಯ ದ್ವೀಪಗಳಲ್ಲಿ ಅಲೆದು 1,25,660 ಸ್ಪೆಸಿಮೆನ್ ಸೇರಿಸಿದ, ಅದರಲ್ಲಿ ಬೀಟಲ್‌ಗಳೇ 83,200. ಬಚಾನ್ ದ್ವೀಪದಲ್ಲಿ ಕಿತ್ತಳೆ ಚಿನ್ನದ ಬಣ್ಣದ ಬರ್ಡ್‌ವಿಂಗ್ ಚಿಟ್ಟೆ ಬಲೆಗೆ ಬಿದ್ದು ಅದರ ರೆಕ್ಕೆ ಬಿಚ್ಚಿ ನೋಡಿದಾಗ ಎದೆ ಹೊಡ್ಕೊಂಡು, ರಕ್ತ ತಲೆಗೇರಿ, ಇನ್ನೇನು ಮೂರ್ಛೆ ಹೋಗ್ತೀನಿ ಅನ್ನೋ ಹಾಗಾಯ್ತು, ದಿನವಿಡೀ ತಲೆನೋವು ಬಂತು ಅಂತ ಬರ್ಕೊಂಡಿದ್ದಾನೆ. ಅಷ್ಟು ಹುಳ ಕಂಡೋನಿಗೂ ಹೀಗಾಗತ್ತೆ, ನಿಮ್ಮ ಗೆಳೆಯನ ಹುಚ್ಚನ್ನ ನಾನು ಹೇಗೆ ತಪ್ಪು ಅನ್ನಲಿ.

ಹುಚ್ಚು ಇದ್ದ ಕಡೆ ಮೋಸಾನೂ ಇರತ್ತೆ. 1702ರಲ್ಲಿ ಲಂಡನ್ನಿನ ಜೇಮ್ಸ್ ಪೆಟಿವರ್ ಅನ್ನೋ ಕಲೆಕ್ಟರ್‌ಗೆ ಒಂದು ಅಪೂರ್ವ ಚಿಟ್ಟೆ ಬಂತು, ಹಳದಿ ರೆಕ್ಕೆ ಮೇಲೆ ಕಪ್ಪು ಚುಕ್ಕೆ, ನೀಲಿ ಚಂದ್ರ. ಮುಂದೆ ಜೀವಿಗಳಿಗೆ ವೈಜ್ಞಾನಿಕ ಹೆಸರಿಡೋ ಪದ್ಧತಿ ತಂದ ಲಿನೇಯಸ್ ಅಂಥವನೇ ಅದಕ್ಕೆ ಹೊಸ ಜಾತಿ ಅಂತ ಹೆಸರಿಟ್ಟ. 1793ರಲ್ಲಿ ಅವನ ಶಿಷ್ಯ ಫ್ಯಾಬ್ರಿಸಿಯಸ್ ಸರಿಯಾಗಿ ನೋಡಿದ್ರೆ ಅದು ಮಾಮೂಲಿ ಬ್ರಿಮ್‌ಸ್ಟೋನ್ ಚಿಟ್ಟೆ, ಚುಕ್ಕೆಯೆಲ್ಲಾ ಪೇಂಟ್. ಈಗಲೂ ಹೀಗೇ. ಒಂದು ಬದಿ ಗಂಡು ಇನ್ನೊಂದು ಬದಿ ಹೆಣ್ಣು ಆಗಿರೋ ಚಿಟ್ಟೆಗಳು ನಿಜಕ್ಕೂ ಹುಟ್ಟತ್ತೆ, ಮಧ್ಯೆ ಗೆರೆ ಎಳೆದ ಹಾಗೆ ಎರಡು ಬಣ್ಣ, ಬಹಳ ಅಪರೂಪ, ಅದಕ್ಕೇ ಎರಡು ಚಿಟ್ಟೆಯ ಅರ್ಧರ್ಧ ಅಂಟಿಸಿ ಮಾರೋರೂ ಇದ್ದಾರೆ. ಲೆನ್ಸ್ ಇಲ್ದೆ ಇಂಥದ್ದನ್ನ ತಗೋಬಾರದು.

ಇನ್ನು ನಿಮ್ಮ ಕಸಿವಿಸಿ. ಅದು ಇರಲಿ, ಒಳ್ಳೇದೇ. ಪೇಂಟರ್ ವ್ಯಾನ್ ಗೋ 1889ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಒಂದು ದೊಡ್ಡ ಪತಂಗ ಕಂಡ, ಪೇಂಟ್ ಮಾಡಬೇಕಂದ್ರೆ ಅದನ್ನ ಕೊಲ್ಲಬೇಕಾಗತ್ತೆ, ಅಷ್ಟು ಚೆಂದದ ಜೀವವನ್ನ ಕೊಲ್ಲೋದು ಅನ್ಯಾಯ ಅಂತ ತಮ್ಮನಿಗೆ ಪತ್ರ ಬರೆದು ಸ್ಕೆಚ್ ಮಾತ್ರ ಮಾಡ್ಕೊಂಡ, ಅದರಿಂದ್ಲೇ ಚಿತ್ರ ಮಾಡಿದ. ಅವನು ಅದನ್ನ ಬೆನ್ನ ಮೇಲೆ ತಲೆಬುರುಡೆ ಗುರುತಿರೋ ಪತಂಗ ಅಂದ್ಕೊಂಡಿದ್ದ, ನಿಜಕ್ಕೂ ಅದು ಜೈಂಟ್ ಪೀಕಾಕ್ ಪತಂಗ, ಚಿತ್ರ ನೋಡಿದ್ರೆ ಗುರುತು ಹಿಡಿಬಹುದು, ಅಷ್ಟು ಸರಿಯಾಗಿ ನೋಡಿದ್ದಾನೆ.

ಹಾಗಂತ ಸಂಗ್ರಹ ಮಾಡೋರಿಂದ್ಲೇ ಚಿಟ್ಟೆಗಳು ನಾಶವಾಗತ್ತೆ ಅನ್ನೋ ಮಾತೂ ಪೂರ್ತಿ ಸರಿಯಿಲ್ಲ. ಬ್ರಿಟನ್ನಿನ ಲಾರ್ಜ್ ಬ್ಲೂ ಚಿಟ್ಟೆ ಕಮ್ಮಿ ಆಗ್ತಿದ್ದಾಗ ಎಲ್ಲರೂ ಕಲೆಕ್ಟರ್‌ಗಳನ್ನ ಬೈದು ಅದಿರೋ ಜಾಗಕ್ಕೆ ಬೇಲಿ ಹಾಕಿದ್ರು. ಬೇಲಿಯಿಂದ ದನ ಕುರಿ ಮೇಯೋದು ನಿಂತು ಹುಲ್ಲು ಎತ್ತರವಾಯ್ತು, ನೆಲ ತಣ್ಣಗಾಯ್ತು, ಬೆಚ್ಚಗಿನ ನೆಲ ಬೇಕಿದ್ದ ಒಂದು ಜಾತಿ ಕೆಂಪಿರುವೆ ಹೋಯ್ತು. ಆ ಚಿಟ್ಟೆಯ ಕಂಬಳಿಹುಳ ಬೆಳೆಯೋದೇ ಆ ಇರುವೆಯ ಗೂಡಲ್ಲಿ, ಇರುವೆನೇ ಅದನ್ನ ತನ್ನ ಮರಿ ಅಂದ್ಕೊಂಡು ಹೊತ್ಕೊಂಡು ಹೋಗತ್ತೆ, ಅದು ಒಳಗೆ ಕೂತು ಇರುವೆ ಮರಿಗಳನ್ನ ತಿಂದು ಬೆಳೆಯತ್ತೆ. ಇರುವೆ ಇಲ್ಲ ಅಂದ್ರೆ ಚಿಟ್ಟೆ ಇಲ್ಲ. 1979ರಲ್ಲಿ ಅಲ್ಲಿ ಅಳಿದೇ ಹೋಯ್ತು, ಆಮೇಲೆ ಕಾರಣ ಅರ್ಥ ಮಾಡ್ಕೊಂಡು ಸ್ವೀಡನ್‌ನಿಂದ ತಂದು ಮತ್ತೆ ನೆಲೆ ಮಾಡಿಸಿದ್ರು. ಇನ್ನೊಂದು ಕಡೆ ಸ್ಯಾನ್ ಫ್ರಾನ್ಸಿಸ್ಕೋದ ಮರಳು ದಿಬ್ಬಗಳಲ್ಲಿದ್ದ ಜರ್ಕ್ಸೀಸ್ ಬ್ಲೂ ಅನ್ನೋ ಚಿಟ್ಟೆ, ಊರು ಬೆಳೆದಿದ್ದರಿಂದ 1940ರ ದಶಕದ ಶುರುವಲ್ಲಿ ಅಳಿಯಿತು, ಅದು ಬೇರೆಯದೇ ಜಾತಿ ಅಂತ 2021ರಲ್ಲಿ ಡಿಎನ್‌ಎಯಿಂದ ಖಚಿತ ಮಾಡಿದ್ದು ಮ್ಯೂಸಿಯಂನಲ್ಲಿ ಪಿನ್ ಚುಚ್ಚಿಟ್ಟಿದ್ದ 93 ವರ್ಷ ಹಳೇ ಸ್ಪೆಸಿಮೆನ್‌ನಿಂದ.

ಆದ್ರೆ ಚಿಕ್ಕ ಜಾಗದಲ್ಲಿ ಮಾತ್ರ ಉಳಿದಿರೋ ಜಾತಿಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪಪುವಾ ನ್ಯೂಗಿನಿಯ ಕ್ವೀನ್ ಅಲೆಕ್ಸಾಂಡ್ರಾ ಬರ್ಡ್‌ವಿಂಗ್ ಜಗತ್ತಿನ ಅತಿ ದೊಡ್ಡ ಚಿಟ್ಟೆ, ಹೆಣ್ಣಿನ ರೆಕ್ಕೆಯ ಅಗಲ 25 ಸೆಂಟಿಮೀಟರ್ ದಾಟತ್ತೆ, ಎಷ್ಟು ಎತ್ತರದಲ್ಲಿ ಹಾರತ್ತೆ ಅಂದ್ರೆ 1906ರಲ್ಲಿ ಮೊದಲ ಸ್ಪೆಸಿಮೆನ್‌ನ ಕೋವಿಯಿಂದ ಹೊಡೆದು ಬೀಳಿಸಿದ್ರು. 1951ರಲ್ಲಿ ಜ್ವಾಲಾಮುಖಿ ಅದರ ಕಾಡಿನ ದೊಡ್ಡ ಪಾಲನ್ನ ಸುಟ್ಟಿತು, ಉಳಿದದ್ದನ್ನ ತಾಳೆ ಎಣ್ಣೆ ತೋಟ ತಿಂತಿದೆ. ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದ ಮೊದಲನೇ ಪಟ್ಟಿಯಲ್ಲಿದೆ, ಅಂದ್ರೆ ದೇಶದಿಂದ ದೇಶಕ್ಕೆ ಮಾರೋ ಹಾಗೇ ಇಲ್ಲ. ಯಾರಾದ್ರೂ ಆಸೆ ತೋರಿಸಿದ್ರೆ ಗೆಳೆಯ ಅಲ್ಲೇ ಬೇಡ ಅಂದುಬಿಡಲಿ. ಉಳಿದದ್ದನ್ನ ತಗೊಳ್ಳೋವಾಗ ವೈಜ್ಞಾನಿಕ ಹೆಸರು, ಯಾವ ದೇಶ, ಯಾವ ಜಾಗ, ಯಾವ ತಾರೀಕು, ಫಾರ್ಮ್‌ನಲ್ಲಿ ಸಾಕಿದ್ದಾ ಕಾಡಿಂದ ಹಿಡಿದಿದ್ದಾ, ಪರ್ಮಿಟ್ ಬೇಕಾದ ಜಾತಿ ಆಗಿದ್ರೆ ಕಾಗದ ಎಲ್ಲಿ, ಇಷ್ಟು ಕೇಳಲಿ, ತನ್ನ ದೇಶದ ಕಾನೂನು ಬೇರೆ ನೋಡ್ಕೊಳ್ಳಲಿ. ಸಾಕಿ ಮಾರೋದರಲ್ಲಿ ನನಗೆ ತಕರಾರಿಲ್ಲ, ಹಳ್ಳಿಯೋರು ಕಾಡಂಚಲ್ಲಿ ಚಿಟ್ಟೆಗೆ ಬೇಕಾದ ಬಳ್ಳಿ ನೆಟ್ಟು ಕೋಶ ಮಾರಿ ದುಡ್ಡು ಮಾಡಿದ್ರೆ ಆ ಕಾಡು ಉಳಿಸ್ಕೊಳ್ಳೋಕೆ ಅವರಿಗೊಂದು ಕಾರಣ ಸಿಗತ್ತೆ. ಸಿಕ್ಕ ಮಾಹಿತಿಯನ್ನ ಫ್ರೇಮ್ ಹಿಂದೆ ಬರೆದು ಅಂಟಿಸಲಿ. ಒಳಗೆ ಕಂದು ಪುಡಿ ಉದುರ್ತಿದ್ರೆ ಒಣಗಿದ ಹುಳಗಳನ್ನ ತಿನ್ನೋ ಡರ್ಮೆಸ್ಟಿಡ್ ಅನ್ನೋ ಪುಟ್ಟ ಬೀಟಲ್ ಅದನ್ನ ತಿಂತಿದೆ ಅಂತ ಅರ್ಥ, ಗಾಳಿಯಾಡದ ಕವರಲ್ಲಿ ಸುತ್ತಿ ಕೆಲವು ವಾರ ಫ್ರೀಜರ್‌ನಲ್ಲಿಟ್ರೆ ಸಾಯತ್ತೆ.

ಕೊನೆಗೆ ನಿಮ್ಮ ಚಿತ್ರ. ಅದು ಸತ್ತ ಹಾಗೆ ಕಾಣೋದಕ್ಕೆ ಮೊದಲ ಕಾರಣ ಭಂಗಿ. ಫ್ರೇಮ್‌ನಲ್ಲಿರೋ ಚಿಟ್ಟೆಯನ್ನ ಸೆಟ್ಟಿಂಗ್ ಬೋರ್ಡ್ ಮೇಲೆ ಮುಂದಿನ ರೆಕ್ಕೆ ಎಳೆದು, ಅದರ ಕೆಳ ಅಂಚು ಮೈಗೆ ಲಂಬವಾಗೋ ಹಾಗೆ ಒಣಗಿಸಿರ್ತಾರೆ, ನಾಲ್ಕೂ ರೆಕ್ಕೆಯ ಗುರುತು ಪೂರ್ತಿ ಕಾಣಲಿ ಅಂತ. ಬದುಕಿರೋ ಚಿಟ್ಟೆ ಹಾಗೆ ಕೂರಲ್ಲ, ಮುಂದಿನ ರೆಕ್ಕೆ ಹಿಂದಕ್ಕೆ ಇಳಿದು ಹಿಂದಿನದ್ದನ್ನ ಸ್ವಲ್ಪ ಮುಚ್ಚಿರತ್ತೆ, ಮಾರ್ಫೋ ಅಂತೂ ಕೂತಾಗ ಸಾಮಾನ್ಯವಾಗಿ ರೆಕ್ಕೆ ಮಡಿಚಿ ಕಂದು ಬದಿ, ಕಣ್ಣಿನ ಗುರುತು ತೋರಿಸ್ತಿರತ್ತೆ. ವಿಡಿಯೋ ನೋಡಿ, ಚಿಟ್ಟೆ ಪಾರ್ಕ್ ಸಿಕ್ರೆ ಹೋಗಿ ಕೂತು ಸ್ಕೆಚ್ ಮಾಡಿ, ಫ್ರೇಮ್‌ನಿಂದ ಗುರುತು, ನರಗಳನ್ನ ಮಾತ್ರ ತಗೊಳ್ಳಿ. ಕಾಲು ಬರೆಯೋವಾಗ ಎಲ್ಲಾ ಕಾಲೂ ಎದೆಭಾಗದಿಂದ್ಲೇ ಹೊರಡಬೇಕು, ಹೊಟ್ಟೆಯಿಂದ ಅಲ್ಲ, ಮತ್ತೆ ಮಾರ್ಫೋ ಕುಟುಂಬದಲ್ಲಿ ಮುಂದಿನ ಜೋಡಿ ಕಾಲು ಮೊಟಕಾಗಿ ಎದೆಗೆ ಮಡಿಚಿರತ್ತೆ, ಹಾಗಾಗಿ ನಾಲ್ಕೇ ಕಾಲಲ್ಲಿ ನಿಂತ ಹಾಗೆ ಕಾಣತ್ತೆ.

ನೀಲಿಗೆ ಬಂದ್ರೆ, ಬಿಳಿ ಕಾಗದದ ಮೇಲೆ ನೇರವಾಗಿ ನೀಲಿ ಬಳಿಯೋದನ್ನ ಬಿಡಿ. ಅಂಗಡಿಗಳಲ್ಲಿ ಇಂಟರ್‌ಫಿಯರೆನ್ಸ್ ಬ್ಲೂ ಅಂತ ವಾಟರ್‌ಕಲರ್ ಸಿಗತ್ತೆ, ಅದರಲ್ಲಿರೋದು ಟೈಟೇನಿಯಂ ಡೈಆಕ್ಸೈಡ್‌ನ ತೆಳು ಪದರ ಹೊದಿಸಿದ ಅಭ್ರಕದ ಚೂರುಗಳು, ಚಿಟ್ಟೆಯ ಹಾಗೇ ಅದೂ ಪದರದಿಂದ್ಲೇ ನೀಲಿ ಕೊಡತ್ತೆ. ಬಿಳಿ ಮೇಲೆ ಹಚ್ಚಿದ್ರೆ ಕಾಣೋದೇ ಇಲ್ಲ ಅನ್ನಬಹುದು, ಮೊದಲು ಗಾಢ ಕಂದು ಅಥವಾ ಕಪ್ಪು ಹಾಕಿ, ಪೂರ್ತಿ ಆರಿಸಿ, ಅದರ ಮೇಲೆ ತೆಳ್ಳಗೆ ಎಳೆದ್ರೆ ಎದ್ದು ಬರತ್ತೆ. ಆ ಪೇಂಟ್ ಬೇಡ ಅಂದ್ರೂ ವಿಧಾನ ಅದೇ, ನೀಲಿಯ ಸುತ್ತ ಕತ್ತಲೆ ಕೂರಿಸಿ, ರೆಕ್ಕೆ ಓರೆಯಾಗೋ ಕಡೆ ನೀಲಿನ ನೇರಳೆಗೆ ತಿರುಗಿಸಿ, ಇಡೀ ರೆಕ್ಕೆಗೆ ಒಂದೇ ನೀಲಿ ಬಳಿಯದೆ ಬೆಳಕು ಬಿದ್ದ ಒಂದು ಭಾಗಕ್ಕೆ ಮಾತ್ರ ಪೂರ್ತಿ ಹೊಳಪು ಕೊಟ್ಟು ಉಳಿದದ್ದನ್ನ ಕಂದಿಗೆ ಬಿಟ್ಟುಬಿಡಿ.